ವೈಶಾಖದ ಬಿಸಿಲಲ್ಲಿ ಸೂಡಿಯ ಸುತ್ತ ಹಕ್ಕಿ ನೋಡುವುದು

ಚಳಿಗಾಲ ಮುಗಿಯುತ್ತಿದ್ದಂತೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದಾಚೆಗೆ ಹೊರಟುಬಿಡುತ್ತವೆ. ಎರೆಹೊಲಗಳ ಮೇಲೆ ತಗ್ಗಾಗಿ ತೇಲಾಡುತ್ತಿದ್ದ ಸೆಳೆವಗಳು ಏಪ್ರಿಲ್ ಹೊತ್ತಿಗೆ ಕಾಣದಾಗುತ್ತವೆ. ಜೋಳದ ತೆನೆ ಮುಕ್ಕುತ್ತಿದ್ದ ಗುಲಾಬಿ ಕಬ್ಬಕ್ಕಿಗಳ ಹಿಂಡೂ ಮಧ್ಯ ಏಷ್ಯಾದ ದಾರಿ ಹಿಡಿಯುತ್ತದೆ. ಅವುಗಳ ಬೆನ್ನಿಗೇ ಗದಗ ಜಿಲ್ಲೆಗೆ ಬರುವ ಹಕ್ಕಿನೋಡುಗರೂ ಕಡಿಮೆಯಾಗುತ್ತಾರೆ. ದುರ್ಬೀನು ಬೀರು ಸೇರುತ್ತದೆ, ಮತ್ತೆ ಹೊರಬರುವುದು ನವೆಂಬರ್‌ಗೆ.

ಈ ಬಯಲುನಾಡನ್ನು ನಿಜವಾಗಿ ಅರಿಯಬೇಕೆನ್ನುವವರು ಬರಬೇಕಾದದ್ದು ಬೇಸಿಗೆಯಲ್ಲೇ ಎಂಬುದು ನನ್ನ ಅಭಿಪ್ರಾಯ. ಅತಿಥಿಗಳು ಹೋದ ಮೇಲೆ ಉಳಿಯುವವು ಈ ನೆಲದ ಸ್ವಂತ ಹಕ್ಕಿಗಳು. ಅವುಗಳಲ್ಲಿ ಬಹಳಷ್ಟಕ್ಕೆ ಮಾರ್ಚ್‌ನಿಂದ ಜೂನ್‌ವರೆಗಿನ ಕಾಲವೇ ಜೋಡಿಯಾಗುವ, ಮೊಟ್ಟೆಯಿಡುವ, ಮರಿ ಸಾಕುವ ಕಾಲ. ನೀಲಕಂಠ ಆಕಾಶಕ್ಕೇರಿ ಪಲ್ಟಿ ಹೊಡೆಯುತ್ತ, ಕಿರುಚುತ್ತ ಕೆಳಗೆ ಧುಮುಕುವುದು ಈಗ. ಕಳ್ಳಿಪೀರಗಳು ಹಳ್ಳದ ದಂಡೆಯ ಮಣ್ಣಿನಲ್ಲಿ ಸುರಂಗ ತೋಡುವುದು ಈಗ. ಹಳದಿ ಟಿಟ್ಟಿಭ ಬಟ್ಟಬಯಲ ಗರಸಿನ ಮೇಲೆ ನಾಲ್ಕು ಮೊಟ್ಟೆಯಿಟ್ಟು ಕಾವು ಕೂರುವುದೂ ಈಗಲೇ. ಹೊಲ ಬರಿದಾಗಿರುತ್ತದೆ, ಗಿಡಗಳ ಎಲೆ ಉದುರಿರುತ್ತದೆ, ಮರೆ ಎಂಬುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ನೀರು ಕೆಲವೇ ಕಡೆ ಉಳಿದಿರುತ್ತದೆ. ಆ ನೀರೆಲ್ಲಿದೆ ಎಂದು ತಿಳಿದುಕೊಂಡವರಿಗೆ ಹಕ್ಕಿಯನ್ನು ಅರಸಿ ಅಲೆಯುವ ಕೆಲಸವಿಲ್ಲ.

ಆದರೆ ಇಲ್ಲಿನ ಬಿಸಿಲು ತಮಾಷೆಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ಮುಟ್ಟುವುದು ವಿಶೇಷವೇನಲ್ಲ. ಹೀಗಾಗಿ ಬೇಸಿಗೆಯ ಪ್ರವಾಸಕ್ಕೆ ಚಳಿಗಾಲದ ಪ್ರವಾಸದ ಲೆಕ್ಕಾಚಾರ ಹೊಂದುವುದಿಲ್ಲ. ದಿನದ ವೇಳೆ, ಉಳಿಯುವ ಊರು, ಹೊರುವ ಚೀಲ, ನೋಡುವ ರೀತಿ ಎಲ್ಲವೂ ಬೇರೆ.

ಯಾವಾಗ ಬರಬೇಕು

ಮೊದಲ ಸಲ ಬರುವವರು ಯುಗಾದಿಯ ಆಸುಪಾಸಿನಿಂದ ಏಪ್ರಿಲ್ ನಡುವಿನವರೆಗಿನ ದಿನಗಳನ್ನು ಆರಿಸಿಕೊಳ್ಳಲಿ. ಬೆಳಗಿನ ಜಾವ ಇನ್ನೂ ತಂಪಿರುತ್ತದೆ, ಬೇವು ಚಿಗುರಿ ಹೂ ಬಿಟ್ಟಿರುತ್ತದೆ, ವಲಸೆಗಾರರಲ್ಲಿ ತಡಮಾಡಿದ ಒಂದಿಷ್ಟು ಹಕ್ಕಿಗಳೂ ಸಿಗುತ್ತವೆ. ಬಿಸಿಲನ್ನು ಬಲ್ಲವರು, ತಡೆದುಕೊಳ್ಳಬಲ್ಲವರು ಇನ್ನೂ ಮುಂದಕ್ಕೆ ಹೋಗಬಹುದು.

ಇಲ್ಲಿನ ರೈತರು ಕಾಲವನ್ನು ಅಳೆಯುವುದು ಮಳೆನಕ್ಷತ್ರಗಳಿಂದ. ಏಪ್ರಿಲ್ ನಡುವೆ ಅಶ್ವಿನಿ ಹೂಡುತ್ತದೆ, ತಿಂಗಳ ಕೊನೆಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕಾ, ಮೇ 25ರ ಹೊತ್ತಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮಿರಗ. ಹಕ್ಕಿ ನೋಡುವವರಿಗೂ ಈ ಪಂಚಾಂಗ ಉಪಯೋಗಕ್ಕೆ ಬರುತ್ತದೆ. ಭರಣಿ, ಕೃತ್ತಿಕೆಗಳಲ್ಲಿ ಒಂದು ಒಳ್ಳೆಯ ಅಡ್ಡಮಳೆ ಬಿದ್ದಿತೆನ್ನಿ, ಮರುದಿನವೇ ಹೊರಡಿ. ಹಸಿಯಾದ ನೆಲದಿಂದ ಈಸಲು ಏಳುತ್ತದೆ. ಆ ರೆಕ್ಕೆಯ ಗೆದ್ದಲನ್ನು ಹಿಡಿಯಲು ಕಾಜಾಣ, ನೀಲಕಂಠ, ಗೊರವಂಕ, ಹದ್ದು, ಹಾಲಕ್ಕಿ ಎಲ್ಲವೂ ಒಂದೇ ಹೊಲದ ಮೇಲೆ ಸೇರುತ್ತವೆ. ಇಡೀ ಬೇಸಿಗೆಯಲ್ಲಿ ಒಂದೇ ದಿನ ಬಿಡುವು ಸಿಕ್ಕರೆ ಆ ದಿನವನ್ನು ಅಡ್ಡಮಳೆಯ ಮರುದಿನಕ್ಕೆ ಎತ್ತಿಡಬೇಕು.

ರೋಹಿಣಿಯಿಂದ ಮಿರಗದವರೆಗಿನ ಎರಡು ವಾರ ಚಾತಕದ ಕಾಲ. ತಲೆಯ ಮೇಲೆ ಜುಟ್ಟು, ಕಪ್ಪುಬಿಳುಪು ಮೈ, ಉದ್ದ ಬಾಲದ ಈ ಹಕ್ಕಿ ಆಫ್ರಿಕಾದಿಂದ ಮುಂಗಾರು ಗಾಳಿಯೊಂದಿಗೆ ಬರುತ್ತದೆ. ದಕ್ಷಿಣ ಭಾರತದಲ್ಲೇ ನೆಲೆಸಿರುವ ಚಾತಕಗಳೂ ಇವೆ. ಆದರೆ ಹೊಲದಂಚಿನ ಜಾಲಿಯ ತುದಿಯಲ್ಲಿ ಕುಳಿತು ಅವು ಗಟ್ಟಿಯಾಗಿ ಕೂಗತೊಡಗುವುದು ಮಳೆಯ ಮುನ್ನ. ಹರಟೆಮಲ್ಲಗಳ ಗೂಡಿನಲ್ಲಿ ತನ್ನ ಮೊಟ್ಟೆಯಿಡುವುದು ಇದರ ರೀತಿ. ಆದ್ದರಿಂದ ಹರಟೆಮಲ್ಲಗಳ ಗುಂಪು ಕಂಡಲ್ಲಿ ಸ್ವಲ್ಪ ಹೊತ್ತು ನಿಲ್ಲಿ.

ಎಲ್ಲಿ ಇಳಿಯಬೇಕು, ಎಲ್ಲಿ ನಡೆಯಬೇಕು

ಸೂಡಿ ಗಜೇಂದ್ರಗಡ ತಾಲೂಕಿನ ಹಳ್ಳಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ದೊಡ್ಡ ಊರು. ಜೋಡು ಕಳಸದ ಗುಡಿ, ಮಲ್ಲಿಕಾರ್ಜುನ ಗುಡಿ, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ನಾಗಕುಂಡ ಇವೆಲ್ಲ ಆ ಕಾಲದವು. ಹಕ್ಕಿಗಾಗಿ ಬರುವವರಿಗೆ ಈ ಊರು ಮುಖ್ಯವಾಗುವುದು ಅದು ಇರುವ ಜಾಗದಿಂದ. ಒಂದು ಕಡೆ ರೋಣದ ಎರೆಹೊಲಗಳ ಸಪಾಟು ಬಯಲು, ಇನ್ನೊಂದು ಕಡೆ ಗಜೇಂದ್ರಗಡದ ಕಲ್ಲುಗುಡ್ಡಗಳ ಸಾಲು. ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಬಾದಾಮಿಯ ಕೆಂಪು ಬಂಡೆ, ಅದರಾಚೆ ಮಲಪ್ರಭೆ. ಬಯಲಿನ ಹಕ್ಕಿ, ಮುಳ್ಳುಕಂಟಿಯ ಹಕ್ಕಿ, ಬಂಡೆಯ ಹಕ್ಕಿ, ಹೊಳೆದಂಡೆಯ ಹಕ್ಕಿ ನಾಲ್ಕೂ ಒಂದು ದಿನದ ತಿರುಗಾಟದೊಳಗೆ ಬರುತ್ತವೆ.

ರೈಲಿನಲ್ಲಿ ಬರುವವರು ಗದಗ ಜಂಕ್ಷನ್‌ನಲ್ಲೋ, ಗದಗ–ಸೊಲ್ಲಾಪುರ ಮಾರ್ಗದ ಬಾದಾಮಿಯಲ್ಲೋ ಇಳಿಯಬಹುದು. ಅದೇ ಮಾರ್ಗದ ಹೊಳೆ ಆಲೂರು ರೋಣ ತಾಲೂಕಿನಲ್ಲೇ ಇದೆ. ವಿಮಾನವಾದರೆ ಹುಬ್ಬಳ್ಳಿ. ವಾಯವ್ಯ ಕರ್ನಾಟಕ ಸಾರಿಗೆಯ ಬಸ್ಸುಗಳು ಗಜೇಂದ್ರಗಡ, ರೋಣಗಳಿಗೆ ಸಾಕಷ್ಟಿವೆ. ಆದರೆ ಬೆಳಗಿನ ಐದೂವರೆಗೆ ಹೊಲದ ದಂಡೆಯಲ್ಲಿರಬೇಕೆಂದರೆ ಬಸ್ಸನ್ನು ನಂಬಿ ಕೂರುವಂತಿಲ್ಲ. ಸ್ವಂತ ವಾಹನ ಇಲ್ಲದವರು ಹಿಂದಿನ ಸಂಜೆಯೇ ಒಂದು ಆಟೋವನ್ನೋ ಜೀಪನ್ನೋ ಗೊತ್ತುಮಾಡಿಕೊಳ್ಳಲಿ. ವಸತಿಗೆ ಬಾದಾಮಿಯಲ್ಲಿ ಎಲ್ಲ ತರದ ಹೋಟೆಲುಗಳಿವೆ. ಗಜೇಂದ್ರಗಡದಲ್ಲಿ ಉಳಿದರೆ ಬೆಳಗಿನ ಒಂದು ಗಂಟೆ ಉಳಿಯುತ್ತದೆ. ಬೇಸಿಗೆಯಲ್ಲಿ ಆ ಒಂದು ಗಂಟೆಯ ಬೆಲೆ ದೊಡ್ಡದು, ಹೀಗಾಗಿ ನನ್ನ ಒಲವು ಗಜೇಂದ್ರಗಡದ ಕಡೆಗೆ.

ಮೇ ನಡುವೆ ಇಲ್ಲಿ ಸೂರ್ಯ ಹುಟ್ಟುವುದು ಆರಕ್ಕೆ ಸ್ವಲ್ಪ ಮೊದಲು, ಮುಳುಗುವುದು ಏಳಕ್ಕೆ ಹತ್ತು ನಿಮಿಷ ಮುಂಚೆ. ಐದೂವರೆಯಿಂದ ಒಂಬತ್ತು ಮೊದಲ ಪಾಳಿ, ಐದರಿಂದ ಏಳೂವರೆ ಎರಡನೆಯದು. ನಡುವಿನ ಎಂಟು ತಾಸು ಹೊಲದಲ್ಲಿರಬಾರದು. ಇದು ನಿಮ್ಮ ಆರೋಗ್ಯದ ಮಾತಷ್ಟೇ ಅಲ್ಲ. ಒಂಬತ್ತೂವರೆ ದಾಟಿತೆಂದರೆ ಕಾದ ನೆಲದಿಂದೇಳುವ ಬಿಸಿಗಾಳಿಯಲ್ಲಿ ದೂರದ ಹಕ್ಕಿ ನಡುಗುವ ಚುಕ್ಕೆಯಾಗುತ್ತದೆ. ಎಷ್ಟೇ ಬೆಲೆಯ ಲೆನ್ಸಾದರೂ ಚಿತ್ರ ಮಸುಕೇ.

ಮೊದಲ ಬೆಳಗನ್ನು ಸೂಡಿಯಿಂದ ರೋಣದ ಕಡೆಗಿನ ಎರೆಹೊಲಗಳಿಗೆ ಕೊಡಿ. ಕಡಲೆ, ಬಿಳಿಜೋಳ ಕಟಾವಾಗಿ ಹೊಲ ಖಾಲಿ ಬಿದ್ದಿರುತ್ತದೆ. ಮೇಲ್ನೋಟಕ್ಕೆ ಅಲ್ಲಿ ಜೀವವೇ ಇಲ್ಲ. ಹತ್ತು ನಿಮಿಷ ಅಲುಗಾಡದೆ ಕೂತರೆ ಹೆಂಟೆಗಳೇ ಎದ್ದು ಓಡಾಡಲು ಶುರುಮಾಡುತ್ತವೆ. ಅವು ನೆಲಗುಬ್ಬಿಗಳು. ಬೂದುನೆತ್ತಿ ನೆಲಗುಬ್ಬಿಯ ಗಂಡು ಸಿಳ್ಳೆ ಹಾಕುತ್ತ ನೇರ ಮೇಲಕ್ಕೇರಿ, ರೆಕ್ಕೆ ಮಡಚಿ ಕಲ್ಲಿನಂತೆ ಬಿದ್ದು, ನೆಲ ಮುಟ್ಟುವ ಮೊದಲು ಮತ್ತೆ ಮೇಲೇಳುತ್ತದೆ. ಇಡೀ ಬಯಲಿನಲ್ಲಿ ಇದಕ್ಕಿಂತ ಚೆಂದದ ಆಟ ಇನ್ನೊಂದಿಲ್ಲ. ಬದುಗಳ ಹುಲ್ಲಿನಲ್ಲಿ ಗೌಜಲಹಕ್ಕಿಯ ಕೂಗು, ಬುರ್ಲಿಗಳ ಪುರ್ರನೆ ಹಾರಾಟ. ಟೆಲಿಫೋನ್ ತಂತಿಯ ಮೇಲೆ ಕೀಚುಗ, ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುವ ರಾಮದಾಸ ಹದ್ದು, ಎತ್ತರದಲ್ಲಿ ಹಾವುಗಿಡುಗ. ಕಲ್ಲುಗರಸಿನ ಪಾಳುಭೂಮಿ ಕಂಡರೆ ಇಂಡಿಯನ್ ಕೋರ್ಸರ್ ಹಕ್ಕಿಗಾಗಿ ನಿಧಾನವಾಗಿ ಕಣ್ಣಾಡಿಸಿ. ತುಸು ದೂರ ಓಡಿ, ತಟ್ಟನೆ ನಿಂತು, ಮುಂದಕ್ಕೆ ಬಾಗಿ ಹುಳ ಕುಕ್ಕುವ ರೀತಿಯಿಂದಲೇ ಅದನ್ನು ಗುರುತಿಸಬಹುದು. ಜೊತೆಗೆ ಚಿಗರಿಗಳ ಹಿಂಡು ಕಾಣುವ ಸಾಧ್ಯತೆಯಂತೂ ಬಹಳ. ರೋಣ, ನರಗುಂದದ ಎರೆಭೂಮಿ ಅವುಗಳ ಹಳೆಯ ನೆಲೆ.

ಇದೇ ಬಗೆಯ ಬಯಲುಗಳಲ್ಲಿ ಒಂದು ಕಾಲಕ್ಕೆ ಎರ್ಲಡ್ಡು, ಎಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಓಡಾಡುತ್ತಿತ್ತು. ಈಗ ಕರ್ನಾಟಕದಲ್ಲಿ ಅದರ ಹೆಸರು ಕೇಳಿಬರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯಿಂದ ಮಾತ್ರ, ಅದೂ ಬೆರಳೆಣಿಕೆಯಷ್ಟು. ದೇಶದಲ್ಲೇ ಈ ಹಕ್ಕಿ ಅಳಿವಿನ ಅಂಚಿನಲ್ಲಿದೆ. ಹುಲ್ಲುಗಾವಲು ಹೊಲವಾದದ್ದು, ಬೇಟೆ, ಈಚೆಗೆ ವಿದ್ಯುತ್ ತಂತಿ ಇವೆಲ್ಲ ಅದಕ್ಕೆ ಕಾರಣ. ದೊಡ್ಡ ಮೈಯ, ಮುಂದಕ್ಕೆ ಸರಿಯಾಗಿ ಕಣ್ಣು ಕಾಣದ ಹಕ್ಕಿ ತಂತಿಗೆ ಬಡಿದು ಸಾಯುತ್ತದೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು, ಅವುಗಳ ತಂತಿಸಾಲುಗಳು ಹಬ್ಬಿರುವುದನ್ನು ನೋಡುವಾಗ ಇದು ನೆನಪಾಗದೆ ಇರುವುದಿಲ್ಲ. ತಂತಿಯ ಕೆಳಗೆ, ಗಾಳಿಯಂತ್ರದ ಬುಡದಲ್ಲಿ ಸತ್ತ ಹಕ್ಕಿ ಕಂಡರೆ ಚಿತ್ರ ತೆಗೆದು, ಜಾಗ ಗುರುತು ಹಾಕಿ ಅರಣ್ಯ ಇಲಾಖೆಗೆ ತಿಳಿಸಿ. ನೀವು ಈ ನೆಲಕ್ಕೆ ಮಾಡಬಹುದಾದ ಉಪಕಾರಗಳಲ್ಲಿ ಅದೂ ಒಂದು.

ಸಂಜೆಯ ಪಾಳಿ ಗಜೇಂದ್ರಗಡದ ಗುಡ್ಡಕ್ಕೆ. ದಕ್ಷಿಣ ಕಾಶಿ ಎಂದು ಜನ ಕರೆಯುವ ಕಾಲಕಾಲೇಶ್ವರ ಗುಡಿ ಬಂಡೆಯ ಮಡಿಲಲ್ಲಿದೆ, ಅಲ್ಲಿನ ಅಂತರಗಂಗೆಯಲ್ಲಿ ಬೇಸಿಗೆಯಲ್ಲೂ ನೀರು ಜಿನುಗುತ್ತದೆ. ನೀರಿದ್ದಲ್ಲಿ ಗಿಡ, ಗಿಡವಿದ್ದಲ್ಲಿ ಹಕ್ಕಿ. ಭಕ್ತರ ಓಡಾಟದಿಂದ ತುಸು ದೂರ ಸರಿದು ಬಂಡೆಗಳತ್ತ ಮುಖ ಮಾಡಿ ಕುಳಿತುಕೊಳ್ಳಿ. ನವಿಲುಗಳು ಇಳಿದು ಬರುವುದು, ಕಡಿಬಂಡೆಗಳ ಮುಂದೆ ಬಾನಾಡಿಗಳು ಸುತ್ತುವುದು ಇದೇ ಹೊತ್ತು. ಕತ್ತಲಾದೊಡನೆ ಕಲ್ಲುಗುಡ್ಡದ ನೆತ್ತಿಯಲ್ಲಿ ಕೊಂಬಿನ ಗೂಬೆ ಗಂಭೀರವಾಗಿ ಹೂಂಕರಿಸಿದರೆ ಆ ದಿನ ಸಾರ್ಥಕ. ಮರಳುವ ದಾರಿಯಲ್ಲಿ ಗಾಡಿ ನಿಧಾನವಿರಲಿ. ನತ್ತಿಂಗಗಳು ಬಿಸಿ ಆರದ ಮಣ್ಣುರಸ್ತೆಯ ಮೇಲೇ ಕೂತಿರುತ್ತವೆ, ದೀಪದ ಬೆಳಕಿಗೆ ಕಣ್ಣು ಕೆಂಡದಂತೆ ಹೊಳೆಯುತ್ತದೆ, ಕೊನೆಯ ಗಳಿಗೆಯವರೆಗೂ ಏಳುವುದಿಲ್ಲ.

ಎರಡನೆಯ ದಿನ ಬಾದಾಮಿ. ಅಗಸ್ತ್ಯತೀರ್ಥದ ಸುತ್ತಲ ಬಂಡೆಗಳನ್ನು ಬಿಸಿಲೇರುವ ಮುನ್ನ ನೋಡಿ ಮುಗಿಸಿ, ಮಧ್ಯಾಹ್ನ ನೆರಳಲ್ಲಿ ಕಳೆದು, ಸಂಜೆ ಪಟ್ಟದಕಲ್ಲಿನ ಕಡೆ ಮಲಪ್ರಭೆಯ ದಂಡೆಗೆ ಹೋಗಿ. ಹೊಳೆ ಬತ್ತಿ ಮಡುಗಳಷ್ಟೇ ಉಳಿದಿದ್ದರೆ ಇನ್ನೂ ಒಳ್ಳೆಯದು. ಮಿಂಚುಳ್ಳಿ, ಬೆಳ್ಳಕ್ಕಿ, ಕುಂಡೆಕುಸ್ಕ ಎಲ್ಲವೂ ಆ ಮಡುಗಳಿಗೇ ಬರಬೇಕು. ನರಗುಂದದ ಕಡೆ ನವಿಲುತೀರ್ಥ ಅಣೆಕಟ್ಟಿನ ಕಾಲುವೆ ನೀರಾವರಿ ಇರುವುದರಿಂದ ನೋಟ ಬೇರೆ. ಬಯಲಿನ ಹಕ್ಕಿಗಳಿಗಾಗಿ ಬಂದವರು ಅದನ್ನು ಬಿಟ್ಟರೂ ನಷ್ಟವಿಲ್ಲ.

ಮೂರನೆಯ ದಿನ ಕೈಯಲ್ಲಿದ್ದರೆ ಕುಷ್ಟಗಿ ಮೇಲೆ ಹೊಸಪೇಟೆಯತ್ತ ಸುಮಾರು ನೂರು ಕಿಲೋಮೀಟರ್ ಸಾಗಿ ದರೋಜಿ ಕರಡಿಧಾಮ ನೋಡಬಹುದು. 1994ರಲ್ಲಿ ಘೋಷಣೆಯಾದ ಈ ಧಾಮಕ್ಕೆ ಜನ ಕರಡಿಗಾಗಿ ಹೋಗುತ್ತಾರೆ, ಹಕ್ಕಿಯವರು ಹೋಗುವುದು ಪೇಂಟೆಡ್ ಸ್ಯಾಂಡ್‌ಗ್ರೌಸ್, ಪೇಂಟೆಡ್ ಸ್ಪರ್‌ಫೌಲ್, ಹಳದಿಕೊರಳಿನ ಪಿಕಳಾರಗಳಿಗಾಗಿ. ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಯೂ ಆ ಕಡೆಗೇ. ಕೆರೆಯೊಳಗಿನ ಜಾಲಿಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಆ ತಾಣಕ್ಕೆ ಮಾಗಡಿ ಕೆರೆಯ ಜೊತೆಯಲ್ಲೇ 2024ರ ಜನವರಿಯಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಮಾನ್ಯತೆಯ ಸುದ್ದಿ ಓದಿ ಮೇ ತಿಂಗಳಲ್ಲಿ ಹೆಬ್ಬಾತು ನೋಡಲು ಮಾಗಡಿಗೆ ಹೋಗಬೇಡಿ. ಅವು ಬರುವುದು ಚಳಿಗಾಲಕ್ಕೆ. 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡವನ್ನೂ ಮೊದಲ ಮಳೆಯ ನಂತರಕ್ಕೆ ಇಟ್ಟುಕೊಳ್ಳುವುದು ಮೇಲು. ಬೇಸಿಗೆಯಲ್ಲಿ ಅಲ್ಲಿ ಬೆಂಕಿಯ ಭಯ ಹೆಚ್ಚು.

ನೀರನ್ನು ಹುಡುಕುವುದು

ನಕ್ಷೆಯಲ್ಲಿ ನೀಲಿ ಬಣ್ಣ ಕಂಡಲ್ಲೆಲ್ಲ ಏಪ್ರಿಲ್‌ನಲ್ಲಿ ನೀರಿರುವುದಿಲ್ಲ. ಉಪಗ್ರಹದ ಚಿತ್ರ ನೋಡಿ ಹೊರಟವರು ಬಿರಿದ ಕೆರೆಯಂಗಳದ ಮುಂದೆ ನಿಲ್ಲುವುದೇ ಹೆಚ್ಚು. ಇದನ್ನು ಕೇಳಬೇಕಾದದ್ದು ಕುರಿಗಾಹಿಗಳನ್ನು. "ಈ ಸಲ ನೀರ ಎಲ್ಲೆಲ್ಲಿ ಉಳದಾವ್ರೀ?" ಎಂದು ಕೇಳಿ. ದಿನಾ ನೂರಾರು ಕುರಿಗಳ ಬಾಯಾರಿಕೆ ತಣಿಸಬೇಕಾದ ಅವರಿಗೆ ಗೊತ್ತಿಲ್ಲದ ಗುಂಡಿ ಈ ಸೀಮೆಯಲ್ಲಿ ಇಲ್ಲ. ಯಾವ ಹೊತ್ತಿಗೆ ಎಂಥ ಹಕ್ಕಿ ಇಳಿಯುತ್ತದೆ ಎಂಬುದನ್ನೂ ಬಹಳ ಸಲ ಅವರೇ ಹೇಳುತ್ತಾರೆ. ಅವರ ಹೆಸರಿಡುವ ರೀತಿ ಪುಸ್ತಕದ್ದಕ್ಕೆ ಹೊಂದದಿದ್ದರೂ ವರ್ಣನೆ ಕರಾರುವಾಕ್ಕಾಗಿರುತ್ತದೆ.

ಕೆರೆ, ಹಳ್ಳ, ಗೋಕಟ್ಟೆಗಳ ಜೊತೆಗೆ ಈಗ ಕೃಷಿ ಹೊಂಡಗಳಿವೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಒಣಭೂಮಿಯ ಹೊಲಗಳಲ್ಲಿ ಇವು ಹೆಚ್ಚಿದವು. ಸುತ್ತ ನೀರಿಲ್ಲದ ದಿನಗಳಲ್ಲಿ ಒಂದು ಹೊಂಡದಲ್ಲಿ ನೀರುಳಿದಿದ್ದರೆ ಹಕ್ಕಿಗಳು ಅಲ್ಲಿಗೆ ಬಂದೇ ಬರುತ್ತವೆ. ರೈತರ ಅನುಮತಿ ಕೇಳಿ, ದೂರದ ಬದುವಿನ ಮೇಲೆ ಕೂತು ನೋಡಿ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ಅಂಚಿಗೆ ಮಾತ್ರ ಹೋಗಬಾರದು, ಮಕ್ಕಳನ್ನಂತೂ ಬಿಡಲೇಬಾರದು. ಜಾರಿದವರು ಮೇಲೆ ಬರುವುದು ಕಷ್ಟ. ಹಕ್ಕಿ, ಓತಿಕೇತ, ಚಿಗರಿಮರಿಗಳೂ ಹಾಗೇ ಸಿಕ್ಕಿಬೀಳುತ್ತವೆ. ಒಂದು ಒರಟು ಹಗ್ಗವನ್ನೋ ಕೊಂಬೆಯನ್ನೋ ನೀರಿಗೆ ಇಳಿಬಿಟ್ಟರೆ ಹತ್ತಿ ಬರಲು ದಾರಿಯಾಗುತ್ತದೆ ಎಂದು ಹೊಲದವರಿಗೆ ಹೇಳಿ.

ನೀರಿನ ಬಳಿ ಯಾವ ಹೊತ್ತಿಗಿರಬೇಕು ಎಂಬುದು ಹಕ್ಕಿಯ ಮೇಲೆ ನಿಂತಿದೆ. ಬಯಲಿನ ಚೆಸ್ಟ್‌ನಟ್ ಬೆಲ್ಲೀಡ್ ಸ್ಯಾಂಡ್‌ಗ್ರೌಸ್ ಸೂರ್ಯ ಹುಟ್ಟಿ ಒಂದೆರಡು ತಾಸಾದ ಮೇಲೆ ಗುಂಪಾಗಿ, ಸದ್ದು ಮಾಡುತ್ತ ಬರುತ್ತದೆ. ಕಲ್ಲುಕುರುಚಲಿನ ಪೇಂಟೆಡ್ ಸ್ಯಾಂಡ್‌ಗ್ರೌಸ್ ಬರುವುದು ಕತ್ತಲು ಕವಿದ ಮೇಲೆ. ಮರಳುಗಾಡುಗಳ ಈ ಬಳಗದ ಹಕ್ಕಿಗಳ ಸಂಗತಿಯೊಂದು ಕೇಳುವಂಥದು. ಗಂಡುಹಕ್ಕಿ ಹೊಟ್ಟೆಯ ಗರಿಗಳಲ್ಲಿ ನೀರು ಹೀರಿಕೊಂಡು ದೂರದ ಮರಿಗಳಿಗೆ ಒಯ್ಯುತ್ತದೆ ಎಂದು 1896ರಲ್ಲೇ ಇಂಗ್ಲೆಂಡಿನ ಮೀಡ್ ವಾಲ್ಡೊ ಬರೆದಿದ್ದರು. ಬಹಳ ಮಂದಿ ನಂಬಲಿಲ್ಲ. 1967ರಲ್ಲಿ ಟಾಮ್ ಕೇಡ್ ಮತ್ತು ಗಾರ್ಡನ್ ಮ್ಯಾಕ್ಲೀನ್ ಆಫ್ರಿಕಾದ ಕಲಹಾರಿಯ ನಮಾಕ್ವಾ ಸ್ಯಾಂಡ್‌ಗ್ರೌಸ್‌ಗಳ ಅಧ್ಯಯನದಿಂದ ಅದು ನಿಜವೆಂದು ತೋರಿಸಿದರು. ಆ ಗರಿಗಳ ಎಳೆಗಳು ಒದ್ದೆಯಾದಾಗ ಬಿಚ್ಚಿಕೊಂಡು ನಿಂತು ನೀರನ್ನು ಹಿಡಿದಿಡುತ್ತವೆ. ಗಂಡು ಮರಿಗಳ ಬಳಿಗೆ ಮರಳಿ ನೆಟ್ಟಗೆ ನಿಂತಾಗ ಮರಿಗಳು ಹೊಟ್ಟೆಗೆ ಕೊಕ್ಕು ಹಾಕಿ ನೀರು ಹೀರುತ್ತವೆ. ನಮ್ಮ ಟಿಟ್ಟಿಭಗಳೂ ಹೊಟ್ಟೆ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತವೆ, ಅವುಗಳ ಉದ್ದೇಶ ಮೊಟ್ಟೆಯನ್ನು ತಂಪಾಗಿಡುವುದು.

ಇಷ್ಟು ತಿಳಿದ ಮೇಲೆ ನೀರಿನ ದಂಡೆಯಲ್ಲಿ ನಾವು ಹೇಗಿರಬೇಕು ಎಂಬುದು ತಾನೇ ಸ್ಪಷ್ಟವಾಗುತ್ತದೆ. ಫೋಟೋಕ್ಕಾಗಿ ಮೂವತ್ತು ಅಡಿ ಮುಂದೆ ಸರಿದು ಕೂತವನು ಒಂದು ಬೆಳಗಿನಲ್ಲಿ ಒಂದು ಸಂಸಾರದ ದಿನದ ನೀರನ್ನೇ ತಪ್ಪಿಸಿರಬಹುದು. ಹಕ್ಕಿಗೆ ಬೆವರಿಲ್ಲ. ಅದರ ಮೈಬಿಸಿ ಮೊದಲೇ 40 ಡಿಗ್ರಿಗೆ ಮೇಲೆ. ಹೆಚ್ಚಿನ ಬಿಸಿಯನ್ನು ಹೊರಹಾಕಲು ಬಾಯಿ ತೆರೆದು ಏದುತ್ತದೆ, ಗಂಟಲು ಅದುರಿಸುತ್ತದೆ, ರೆಕ್ಕೆ ಸಡಿಲಿಸಿ ನಿಲ್ಲುತ್ತದೆ. ಅದಕ್ಕೆಲ್ಲ ಖರ್ಚಾಗುವುದು ಮೈಯೊಳಗಿನ ನೀರೇ. ಏದುತ್ತಿರುವ ಹಕ್ಕಿಯನ್ನು ಎಬ್ಬಿಸಿ ಓಡಿಸುವುದು ಕ್ರೌರ್ಯ. ನೆರಳಿನಲ್ಲಿ ಕೂತ ಹಕ್ಕಿಯನ್ನು ಅಲ್ಲಿಯೇ ಬಿಟ್ಟುಬಿಡಬೇಕು.

ನೆಲದ ಮೇಲಿನ ಗೂಡುಗಳ ವಿಚಾರ ಇನ್ನೂ ಸೂಕ್ಷ್ಮ. ಟಿಟ್ಟಿಭ ತಲೆಯ ಮೇಲೆ ಕಿರುಚುತ್ತ ಸುತ್ತತೊಡಗಿದರೆ ನೀವು ಗೂಡಿನ ಹತ್ತಿರವಿದ್ದೀರಿ ಎಂದೇ ಅರ್ಥ. ಮೊಟ್ಟೆ ಹುಡುಕುವ ಆಸೆ ಬೇಡ. ಬಂದ ಹೆಜ್ಜೆಯಲ್ಲೇ, ನೆಲ ನೋಡುತ್ತ ಹಿಂದಿರುಗಿ. ನಡುಬಿಸಿಲಿನಲ್ಲಿ ತಾಯಿ ಎದ್ದುಹೋದ ಮೊಟ್ಟೆ ಸ್ವಲ್ಪ ಹೊತ್ತಿನಲ್ಲೇ ಬೆಂದು ಕೆಡುತ್ತದೆ. ನಿಮ್ಮ ಜಾಡು ಹಿಡಿದು ಕಾಗೆ, ನಾಯಿಗಳೂ ಬರುತ್ತವೆ. ಗೂಡಿನ ಚಿತ್ರ ಹಾಕಬೇಡಿ, ಜಾಗವನ್ನು ಗುಂಪುಗಳಲ್ಲಿ ಹಂಚಬೇಡಿ. ಮೊಬೈಲಿನಲ್ಲಿ ಕೂಗು ನುಡಿಸಿ ಹಕ್ಕಿಯನ್ನು ಕರೆಯುವ ಚಾಳಿಯನ್ನು ಈ ಕಾಲದಲ್ಲಿ ಪೂರ್ತಿ ಬಿಡಬೇಕು. ಗಡಿ ಕಾಯಲು ಓಡಿಬರುವ ಗಂಡು ಮರಿಗಳನ್ನು ಬಿಟ್ಟು ಬಂದಿರುತ್ತದೆ.

ಚೀಲದಲ್ಲಿ ಏನಿರಬೇಕು

ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಗಾಡಿಯಲ್ಲಿ ಅದಕ್ಕೆ ಮೇಲಷ್ಟು. ಬಾಯಾರುವವರೆಗೆ ಕಾಯದೆ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ಬರೀ ನೀರು ಸಾಲದು, ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಮಟ್ಟವಾಗಿ ಅಳೆದು ಬೆರೆಸಿ. ಊರಿನ ಮಜ್ಜಿಗೆ, ಅಂಬಲಿ, ಕಲ್ಲಂಗಡಿ ಇವು ಬಾಟಲಿಯ ತಂಪುಪಾನೀಯಗಳಿಗಿಂತ ಎಷ್ಟೋ ಮೇಲು. ಬೆಳಗ್ಗೆ ಹೊರಡುವಾಗ ಖಾಲಿ ಹೊಟ್ಟೆ ಬೇಡ. ಒಂದು ರೊಟ್ಟಿ, ಶೇಂಗಾಚಟ್ನಿ, ಮೊಸರು ಸಾಕು.

ತೋಳು ಮುಚ್ಚುವ ಸಡಿಲ ಹತ್ತಿಯಂಗಿ, ಮಣ್ಣಿನ ಬಣ್ಣದ್ದು. ಅಗಲ ಅಂಚಿನ ಟೋಪಿ, ಕೊರಳಿಗೆ ತೋಯಿಸಿ ಸುತ್ತಿಕೊಳ್ಳಲು ಟವೆಲು. ಚಪ್ಪಲಿ ಬೇಡವೇ ಬೇಡ. ಬಳ್ಳಾರಿ ಜಾಲಿಯ ಮುಳ್ಳು ತೆಳು ಅಟ್ಟೆಯನ್ನು ದಾಟಿ ಪಾದಕ್ಕೆ ಇಳಿಯುತ್ತದೆ. ದಪ್ಪ ಅಟ್ಟೆಯ, ಕಣಕಾಲು ಮುಚ್ಚುವ ಬೂಟಿದ್ದರೆ ಹಾವಿನ ಭಯವೂ ತಗ್ಗುತ್ತದೆ. ಕಲ್ಲುಗುಡ್ಡಗಳಲ್ಲಿ ಗರಗಸಮಂಡಲ, ಹೊಲಗಳಲ್ಲಿ ಕೊಳಕುಮಂಡಲ ಸಂಜೆಯ ನಂತರ ಹೊರಬೀಳುತ್ತವೆ. ಬ್ಯಾಟರಿಯಿಲ್ಲದೆ ಕತ್ತಲಲ್ಲಿ ಹೆಜ್ಜೆ ಇಡಬಾರದು, ಬಂಡೆಸಂದಿಗೆ ಕೈ ಹಾಕಬಾರದು. ಹಾವು ಕಚ್ಚಿದರೆ ಕಟ್ಟು, ಕೊಯ್ತ ಯಾವುದೂ ಬೇಡ. ಕೈಕಾಲು ಅಲುಗಿಸದೆ ನೇರ ತಾಲೂಕಾಸ್ಪತ್ರೆಗೋ ಗದಗಿನ ಜಿಲ್ಲಾಸ್ಪತ್ರೆಗೋ ಒಯ್ಯಬೇಕು.

ದುರ್ಬೀನು 8x42 ಅಳತೆಯದಾದರೆ ನಸುಕಿನ ಮಂದಬೆಳಕಿಗೂ ಒದಗುತ್ತದೆ. ನಿಲ್ಲಿಸಿದ ಕಾರಿನೊಳಗೆ ಅದನ್ನಾಗಲಿ ಫೋನನ್ನಾಗಲಿ ಬಿಡಬೇಡಿ, ಒಳಗಿನ ಕಾವು ಹೊರಗಿನದಕ್ಕಿಂತ ಎಷ್ಟೋ ಹೆಚ್ಚು. ಹಕ್ಕಿ ಗುರುತಿಸಲು ಮರ್ಲಿನ್ ಆ್ಯಪ್‌ನ ಭಾರತದ ಕಂತನ್ನು ಮನೆಯಲ್ಲೇ ಇಳಿಸಿಕೊಂಡು ಬನ್ನಿ, ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಕನ್ನಡದ ಹೆಸರುಗಳಿಗೆ ತೇಜಸ್ವಿಯವರ ‘ಹಕ್ಕಿಪುಕ್ಕ’ ಜೊತೆಗಿರಲಿ.

ಬಿಸಿಲಿನ ಹೊಡೆತದ ಲಕ್ಷಣಗಳನ್ನು ಜೊತೆಗಿರುವ ಎಲ್ಲರೂ ತಿಳಿದಿರಬೇಕು. ತಲೆನೋವು, ಹೊಟ್ಟೆ ತೊಳಸುವುದು, ಸ್ನಾಯು ಸೆಳೆತ ಶುರುವಾದರೆ ಆ ದಿನದ ನೋಟ ಮುಗಿಯಿತು, ನೆರಳಿಗೆ ಹೋಗಿ. ಮಾತು ತೊದಲುವುದು, ಗೊಂದಲ, ಮೈ ಬೆಂಕಿಯಂತೆ ಸುಡುವುದು ಕಂಡರೆ ಅದು ಪ್ರಾಣಾಪಾಯ. ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ 108ಕ್ಕೆ ಕರೆಮಾಡಿ. ಪ್ರಜ್ಞೆ ಮಂಕಾದವರಿಗೆ ಬಾಯಿಗೆ ನೀರು ಹಾಕಬಾರದು. ವಯಸ್ಸಾದವರು, ಸಣ್ಣ ಮಕ್ಕಳು, ರಕ್ತದೊತ್ತಡದ ಮಾತ್ರೆ ತಿನ್ನುವವರು ಇದ್ದರೆ ಬೆಳಗಿನ ಪಾಳಿಯಷ್ಟನ್ನೇ ಇಟ್ಟುಕೊಳ್ಳಿ. ಮೇ ತಿಂಗಳ ಮಧ್ಯಾಹ್ನಗಳಲ್ಲಿ ಇನ್ನೊಂದು ಅಪಾಯ ಸಿಡಿಲು. ಮೋಡ ಕಟ್ಟಿ ಗುಡುಗು ಕೇಳಿದರೆ ಬಯಲಿನ ಒಂಟಿಮರದ ಕೆಳಗೆ ನಿಲ್ಲದೆ ಪೂರ್ತಿ ಮುಚ್ಚಿದ ಗಾಡಿಯೊಳಗೋ ಕಟ್ಟಡದೊಳಗೋ ಸೇರಿ.

ಮಧ್ಯಾಹ್ನದ ಎಂಟು ತಾಸಿಗೆ ಸೂಡಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಸಾವಿರ ವರ್ಷದ ಹತ್ತಿರದ ಆ ಗುಡಿಗಳ ದಪ್ಪ ಕಲ್ಲಿನೊಳಗೆ ತಂಪಿರುತ್ತದೆ. ಜೋಡು ಕಳಸದ ಗುಡಿಯ ಮಂಟಪದಲ್ಲಿ ಕೂತು ಬೆಳಗಿನ ಟಿಪ್ಪಣಿ ಬರೆಯಿರಿ, ಕಂಬಗಳನ್ನು ನೋಡಿ, ಕಣ್ಣು ಮುಚ್ಚಿ. ಇಂಥ ಹಳೆಯ ಕಟ್ಟಡಗಳೂ ಹಕ್ಕಿಗಳ ಮನೆಯೇ. ಸೂರಿನಡಿ ಬಾನಾಡಿ, ಬಿರುಕುಗಳಲ್ಲಿ ಗುಬ್ಬಿ ಗೊರವಂಕ, ಶಿಖರದ ಪೊಟರೆಯಲ್ಲಿ ಹಾಲಕ್ಕಿ. ನಾಗಕುಂಡದ ಮೆಟ್ಟಿಲುಗಳ ಮೇಲೆ ಸದ್ದಿಲ್ಲದೆ ಕೂತರೆ ನೀರಿಗಿಳಿಯುವವರೆಲ್ಲ ಒಬ್ಬೊಬ್ಬರಾಗಿ ಬರುತ್ತಾರೆ. ಊರಿನ ಮಕ್ಕಳು ಸುತ್ತ ಸೇರಿದರೆ ದುರ್ಬೀನು ಅವರ ಕೈಗೂ ಕೊಡಿ. ಹಾಲಕ್ಕಿ ಅಪಶಕುನವೆಂದು ಕಲ್ಲೆಸೆಯುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಅದರ ಹಳದಿ ಕಣ್ಣನ್ನು ಒಮ್ಮೆ ಹತ್ತಿರದಿಂದ ಕಂಡ ಮಗು ಮತ್ತೆ ಕಲ್ಲೆತ್ತುವುದು ಕಷ್ಟ.

ದುಬೈ, ಮಸ್ಕತ್‌ಗಳಲ್ಲಿ ನೆಲೆಸಿದ ಕನ್ನಡಿಗರಿಗೂ, ರಜೆಗೆ ಅಲ್ಲಿಗೆ ಹೋಗುವ ಅವರ ನೆಂಟರಿಗೂ ಈ ಕ್ರಮವೇ ಹೊಂದುತ್ತದೆ, ಇನ್ನಷ್ಟು ಬಿಗಿಯಾಗಿ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವುದಕ್ಕೇ ನಿಷೇಧವಿದೆ. ಹಕ್ಕಿ ನೋಡುವವರು ಆ ಗಡಿಯನ್ನು ಎರಡೂ ಕಡೆ ಮೂರು ತಾಸು ಹಿಗ್ಗಿಸಿಕೊಳ್ಳಲಿ. ಒಮಾನಿನ ಕರಾವಳಿಯ ದ್ವೀಪಗಳಲ್ಲಿ ಸೂಟಿ ಫಾಲ್ಕನ್ ಎಂಬ ಗಿಡುಗ ಉರಿಬೇಸಿಗೆಯಲ್ಲೇ ಗೂಡು ಮಾಡುತ್ತದೆ. ಮರಿಗಳು ಬೆಳೆಯುವ ಹೊತ್ತಿಗೆ ಸರಿಯಾಗಿ ಶರತ್ಕಾಲದ ವಲಸೆಹಕ್ಕಿಗಳು ಬೇಟೆಗೆ ಸಿಗುತ್ತವೆ. ಬಿಸಿಲು ತಾಳದವರಿಗೆ ಅದೇ ದೇಶದ ಸಲಾಲಾ ಇದೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮುಂಗಾರಿನ ಮಂಜು ಕವಿದು ಬೆಟ್ಟಗಳು ಹಸಿರಾಗುತ್ತವೆ.

ಮತ್ತೆ ಸೂಡಿಗೆ ಮರಳಿದರೆ, ಇಲ್ಲಿನ ಹೊಲಗಳ ಬಗ್ಗೆ ಒಂದು ಮಾತು ಉಳಿಯಿತು. ಇಲ್ಲಿ ಹಕ್ಕಿಗಳ ಬಹುಪಾಲು ಕಾಡಿನಲ್ಲಿಲ್ಲ, ರೈತರ ಜಮೀನಿನಲ್ಲಿದೆ. ಬಿತ್ತಿದ ಕಾಳನ್ನು ನವಿಲು ಕೆದರುತ್ತದೆ, ಮೊಳಕೆಯನ್ನು ಚಿಗರಿ ಮೇಯುತ್ತದೆ. ಆ ನಷ್ಟ ಹೊತ್ತೂ ಅವುಗಳಿಗೆ ಜಾಗ ಬಿಟ್ಟವರ ಹೊಲಕ್ಕೆ ಹೇಳದೆ ಕೇಳದೆ ಕಾಲಿಡಬಾರದು. ಬದುವಿನ ಮೇಲೆ ನಡೆಯಿರಿ. ರೆಂಟೆ ಹೊಡೆಯುತ್ತಿರುವವರ ಹತ್ತಿರ ಟಿಟ್ಟಿಭದ ಗೂಡು ಎಲ್ಲಿದೆ ಎಂದು ಕೇಳಿದರೆ, ಮೊಟ್ಟೆ ಇರುವಷ್ಟು ಜಾಗ ಬಿಟ್ಟು ಸಾಲು ತಿರುಗಿಸಿದ್ದನ್ನು ತೋರಿಸುವ ರೈತರೂ ಸಿಗುತ್ತಾರೆ. ಗಾಯಗೊಂಡ ಹಕ್ಕಿ, ಬೇಟೆ, ವಿಷವಿಟ್ಟ ಕಾಳು ಏನೇ ಕಂಡರೂ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ತಿಳಿಸಿ. ನೋಡಿದ ಹಕ್ಕಿಗಳ ಪಟ್ಟಿಯನ್ನು ಅಂದೇ ಸಂಜೆ ಇ-ಬರ್ಡ್‌ಗೆ ಸೇರಿಸಿ, ಸಾಮಾನ್ಯ ಹಕ್ಕಿಗಳನ್ನೂ ಬಿಡದೆ. ಹಕ್ಕಿನೋಡುಗರು ಚಳಿಗಾಲಕ್ಕಷ್ಟೇ ಬಂದರೆ ಈ ತಾಲೂಕುಗಳ ದಾಖಲೆಯೂ ಚಳಿಗಾಲದ್ದಷ್ಟೇ ಆಗುತ್ತದೆ. ರೋಣದ ಹೊಲದಲ್ಲಿ ಮೇ ತಿಂಗಳ ಬೆಳಗ್ಗೆ ಎಷ್ಟು ನೆಲಗುಬ್ಬಿ, ಎಷ್ಟು ಹಳದಿ ಟಿಟ್ಟಿಭ ಇದ್ದವು ಎಂದು ನೀವು ಬರೆದಿಟ್ಟದ್ದು, ನಾಳೆ ಅಲ್ಲೊಂದು ಸೋಲಾರ್ ಪಾರ್ಕೋ ಗಾಳಿಯಂತ್ರದ ಸಾಲೋ ಬರುವಾಗ, ಆ ಬಯಲು ಖಾಲಿಯಿರಲಿಲ್ಲ ಎಂದು ಹೇಳಲು ಬೇಕಾಗುತ್ತದೆ.